ಮಾಜಿ ಸಚಿವೆಯ ಮನೆಯ ಒಂದು ನಿಮಿಷ

ಜನವರಿ 9

ಕಿವಿಗೆ,

ನಿನ್ನ ಹೆಸರನ್ನು ನಿಮ್ಮ ನಿರ್ದೇಶಕರು ಒಂದು ಸಲವೂ ಹೇಳಲಿಲ್ಲ. "ಕಿವಿ, ಮೈಕು ನೋಡು", "ಕಿವಿ, ಆಯ್ತೇನೋ" ಎಂದೇ ಕೂಗುತ್ತಿದ್ದರು. ಲಕೋಟೆಯ ಮೇಲೂ ಅದನ್ನೇ ಬರೆದಿದ್ದೇನೆ. ಬೇಜಾರಾದರೆ ಅವರ ಮೇಲೆ ಮಾಡಿಕೋ. ನನಗೂ ಶಾಸನಸಭೆಯಲ್ಲಿ ಗಂಟೆಯಕ್ಕ ಎಂದೇ ಹೆಸರಿತ್ತು. ನಾನು ಮಾತಿಗೆ ಎದ್ದರೆ ಸಾಕು, ಸಭಾಧ್ಯಕ್ಷರ ಕೈ ಗಂಟೆಯ ಮೇಲೆ ಹೋಗುತ್ತಿತ್ತು.

ಜೊತೆಗಿರುವ ಕಪ್ಪು ಸ್ಪಂಜಿನ ಗುಂಡು ನಿನ್ನದು. ನನ್ನ ಕೊರಳ ಹತ್ತಿರ ಸಿಕ್ಕಿಸಿದ್ದೆಯಲ್ಲ, ಆ ಮೈಕಿನ ಟೋಪಿ. ಸ್ವೆಟರ್ ಒಗೆಯಲು ಹಾಕುವಾಗ ಸಿಕ್ಕಿತು. ಏನೋ ಹುಳ ಎಂದು ಚಪ್ಪಲಿ ಎತ್ತಿದ್ದೆ.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನನಗೆ ಏನೂ ಕೇಳಿಸುವುದಿಲ್ಲ. ಡಾಕ್ಟರು ಕೊಟ್ಟ ಕಿವಿಯ ಯಂತ್ರ ಡ್ರಾಯರಿನಲ್ಲಿದೆ. ಹಾಕಿಕೊಂಡರೆ ಸಿಳ್ಳೆ ಹೊಡೆಯುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಲಾಂಡ್ರಿ ಕಾರ್ಖಾನೆಯ ಕೆಲಸಕ್ಕೆ ಸೇರಿದವಳು ನಾನು. ಅಕ್ಷರ ನೋಡಿ ನಗಬೇಡ.

ಸ್ಪಂಜು ಬರೀ ನೆಪ. ಬರೆಯಲು ಕೂತದ್ದು ಬೇರೆ ಮಾತಿಗೆ.

ನೀವು ಬಂದದ್ದು ದೊಡ್ಡಣ್ಣನವರ ಬಗ್ಗೆ ಕೇಳಲು. ನಮ್ಮ ಪಾರ್ಟಿಯ ಯಜಮಾನರು, ಈಗ ಇಲ್ಲ, ಅವರ ಮೇಲೆ ಸಾಕ್ಷ್ಯಚಿತ್ರ. ಸರಿ, ಗೊತ್ತಿದ್ದದ್ದು ಹೇಳಿದೆ. ಮಾತಿನ ನಡುವೆ ನಮ್ಮನೆಯವರ ವಿಷಯ ಬಂತು. ಅವರು ಬೋರ್ಡು ಬರೆಯುವವರು. ದೊಡ್ಡಣ್ಣನವರ ಹೆಸರನ್ನು ಈ ಊರಿನ ಗೋಡೆಯ ಮೇಲೆ ಮೊದಲು ಬರೆದದ್ದು ಅವರೇ. ಅವರು ತೀರಿಹೋದದ್ದನ್ನೂ ಹೇಳಿದೆ. ಅದಾದ ಮೇಲೆ ನೀನು ನನ್ನ ಹತ್ತಿರ ಬಂದು ಜೋರಾಗಿ, "ಅಕ್ಕಾ, ಈಗ ಒಂದು ನಿಮಿಷ ಎಲ್ಲರೂ ಮೌನವಾಗಿರೋಣ" ಎಂದೆ.

ನಾನು ಎದ್ದು ನಿಂತೆ. ನೀವೂ ಎದ್ದಿರಿ. ಕ್ಯಾಮೆರಾದ ಹುಡುಗಿ ತಲೆ ತಗ್ಗಿಸಿದಳು.

ನಮ್ಮನೆಯವರು ಹೋದಾಗ ಅಧಿವೇಶನ ನಡೆಯುತ್ತಿತ್ತು. ಆ ವಾರ ಸಭೆ ಒಬ್ಬ ಮಾಜಿ ಸದಸ್ಯರಿಗೆ ಎದ್ದು ನಿಂತಿತು, ಒಬ್ಬ ಕುಸ್ತಿಪಟುವಿಗೆ ನಿಂತಿತು. ಬೋರ್ಡು ಬರೆಯುವವನಿಗೆ ಯಾರು ನಿಲ್ಲುತ್ತಾರೆ. ಇಷ್ಟು ವರ್ಷದ ಮೇಲೆ, ಗುರುತಿಲ್ಲದ ನಾಲ್ಕು ಜನ ನನ್ನ ಮನೆಯಲ್ಲೇ ನಿಂತಿರಿ. ಅದಕ್ಕೆ ಈ ಕಾಗದ. ನನಗೆ ಥ್ಯಾಂಕ್ಸ್ ಹೇಳಿ ಅಭ್ಯಾಸವಿಲ್ಲ, ಹೇಳಿದೆ ಎಂದು ತಿಳಿದುಕೋ.

ನಮ್ಮನೆಯವರ ವಿಷಯ ಸಿನಿಮಾದಲ್ಲಿ ಉಳಿಯುತ್ತದೆ ತಾನೇ? ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆ ಎಂದುಕೊಳ್ಳುತ್ತೇನೆ.

ಗಂಟೆಯಕ್ಕ


ಫೆಬ್ರವರಿ 2

ಗೌರವಾನ್ವಿತ ಅಕ್ಕನಿಗೆ ನಮಸ್ಕಾರ.

ಸ್ಪಂಜು ತಲುಪಿತು. ಅದಿಲ್ಲದೆ ಬೈಸಿಕೊಂಡಿದ್ದೆ, ಉಳಿಸಿದಿರಿ. ಹೆಸರಿನ ಬಗ್ಗೆ ಬೇಜಾರೇನಿಲ್ಲ. ಈಗ ನನ್ನ ಬಾಗಿಲಿಗೆ ಬರುವ ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆಯುತ್ತಾನೆ.

ಅಂದು ನಿಮ್ಮ ಮನೆಯಲ್ಲಿ ಕಳೆದ ಒಂದು ನಿಮಿಷ ನಮಗೆಲ್ಲ ನೆನಪಿನಲ್ಲಿ ಉಳಿದಿದೆ. ಚಿತ್ರದ ಸಂಕಲನ ನಡೆಯುತ್ತಿದೆ. ಯಾವ ಭಾಗ ಇರಬೇಕು, ಯಾವುದು ಬೇಡ ಎನ್ನುವುದು ನಿರ್ದೇಶಕರಿಗೆ ಬಿಟ್ಟ ವಿಷಯ. ನಿಮ್ಮ ದನಿ ಚೆನ್ನಾಗಿ ಬಂದಿದೆ. ವಯಸ್ಸಾದವರ ದನಿ ಸಾಮಾನ್ಯವಾಗಿ ಸೀಳುತ್ತದೆ, ನಿಮ್ಮದು ಹಾಗಾಗಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ.

ಇಂತಿ,
ಕಿವಿ


ಫೆಬ್ರವರಿ 8

ಕಿವಿಗೆ,

ನಿನ್ನ ಕಾಗದ ಓದಿದೆ. ಒಂದು ಖಾತೆ ನಡೆಸಿದವಳಪ್ಪ ನಾನು. 'ಪರಿಶೀಲನೆಯಲ್ಲಿದೆ' ಎನ್ನುವ ವಾಸನೆ ನನಗೆ ಲಕೋಟೆ ಒಡೆಯುವ ಮೊದಲೇ ಬರುತ್ತದೆ. ಇಷ್ಟು ದಿನ ಬಿಟ್ಟು ಬರೆದು, ಅದರಲ್ಲೂ ಉತ್ತರವಿಲ್ಲ.

ನಾನು ಈ ಡಾಕ್ಯುಮೆಂಟರಿಯವರನ್ನು ಹೊಸದಾಗಿ ನೋಡುತ್ತಿಲ್ಲ. ಮೊದಲನೆಯದರಲ್ಲಿ ಲಾಂಡ್ರಿಯ ಗೇಟಿನ ಮುಂದೆ ಕೂಗುತ್ತಿದ್ದೇನೆ. ಮುಷ್ಕರ. ಹಿಂದಿನಿಂದ ಒಬ್ಬ ಗಂಡಸು "ಕಾರ್ಮಿಕರು ರೊಚ್ಚಿಗೆದ್ದರು" ಎನ್ನುತ್ತಾನೆ. ನಾನು ರೊಚ್ಚಿಗೆದ್ದಿರಲಿಲ್ಲ, ಯಾರೋ ನನ್ನ ಕಾಲು ತುಳಿದಿದ್ದರು. ನನ್ನ ಕೈಯಲ್ಲಿದ್ದ ಬೋರ್ಡು ನಮ್ಮನೆಯವರು ಬರೆದದ್ದು. ಆಗಿನ್ನೂ ಮದುವೆಯಾಗಿರಲಿಲ್ಲ. ಬೋರ್ಡು ಪೂರ್ತಿ ಕಾಣುತ್ತದೆ, ನನ್ನ ಮುಖ ಅರ್ಧ. ಆಮೇಲೆ ಸೇತುವೆಯ ಚಿತ್ರ. ಅದರಲ್ಲಿ ನಾನು ರಿಬ್ಬನ್ ಕತ್ತರಿಸುತ್ತೇನೆ, ಕತ್ತರಿ ಮೊಂಡು, ಕೊನೆಗೆ ಇಂಜಿನಿಯರು ಎಳೆದು ಹರಿದರು. ನೀರಿನ ಬರದ ಬಗ್ಗೆ ಮಾಡಿದ ಚಿತ್ರದಲ್ಲಿ "ಆಳುವವರು ಕಣ್ಣು ಮುಚ್ಚಿ ಕೂತಿದ್ದರು" ಎಂಬಲ್ಲಿ ನನ್ನ ಮುಖ ನಿಲ್ಲಿಸಿದ್ದಾರೆ. ನನಗೆ ಆಗ ಸೀನು ಬಂದಿತ್ತು.

ಅದೆಲ್ಲ ಹೋಗಲಿ. ಈಗೀಗ ಬರುವವರೆಲ್ಲ ಬೇರೆಯವರ ಬಗ್ಗೆ ಕೇಳಲು ಬರುತ್ತಾರೆ. ಸತ್ತವರ ವಿಷಯ ಹೇಳಲು ಬದುಕಿರುವವಳು ನಾನೊಬ್ಬಳು. ಅದೇ ಈಗ ನನ್ನ ಖಾತೆ. ಬಂದವರು ನನ್ನ ಕುರ್ಚಿಗಳನ್ನು ಎದುರುಬದುರು ಹಾಕುತ್ತಾರೆ, ದೀಪ ಹಚ್ಚುತ್ತಾರೆ, ಹೋಗುವಾಗ ಮರ್ಯಾದೆಯಿಂದ ಕುರ್ಚಿಗಳನ್ನು ಮತ್ತೆ ಗೋಡೆಗೆ ಒತ್ತಿ ಇಡುತ್ತಾರೆ. ಬೇಡ, ಹಾಗೇ ಇರಲಿ ಎನ್ನಬೇಕು ಎಂದುಕೊಳ್ಳುತ್ತೇನೆ. ಕುರ್ಚಿಗಳು ಒಂದನ್ನೊಂದು ನೋಡುತ್ತಿದ್ದರೆ ಮನೆ ಮನೆಯ ಹಾಗೆ ಇರುತ್ತದೆ.

ನಮ್ಮನೆಯವರ ಆ ಗೋಡೆಯ ಕಥೆ ನಿಮ್ಮ ಯಂತ್ರದಲ್ಲಿ ಇದೆ. ಕತ್ತರಿ ಹಾಕುವವರಿಗೆ ಗೊತ್ತಾಗಲಿ ಎಂದು ಇಲ್ಲೂ ಬರೆಯುತ್ತೇನೆ. ನನ್ನ ಮೊದಲ ಚುನಾವಣೆ. ಗಿರಣಿ ಗೋಡೆಯ ಮುಂದೆ ಹೋಗುತ್ತೇನೆ, ಇವರು ಏಣಿ ಹತ್ತಿ ಎದುರು ಪಾರ್ಟಿಯವನ ಹೆಸರು ಬರೆಯುತ್ತಿದ್ದಾರೆ. ನನ್ನ ಹೆಸರಿಗಿಂತ ಚೆನ್ನಾಗಿ, ಅಕ್ಷರಕ್ಕೆ ನೆರಳು ಬೇರೆ ಕೊಟ್ಟು.

"ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?" ಎಂದೆ.

"ಏಣಿ ಅಲ್ಲಾಡಿಸಬೇಡ ಕಣೇ, ಗೆರೆ ಸೊಟ್ಟ ಆಗುತ್ತೆ."

"ನನ್ನ ಹೆಸರಿಗೆ ಯಾಕೆ ನೆರಳು ಕೊಡಲಿಲ್ಲ?"

"ನಿನಗೆ ಯಾತಕ್ಕೆ ನೆರಳು, ನೀನೇ ಎದ್ದು ಕಾಣ್ತೀಯಲ್ಲ."

ವಾರ ಪೂರ್ತಿ ನಾನು ಮಾತು ಬಿಟ್ಟಿದ್ದೆ. ಗೆದ್ದೆ. ಗೆದ್ದ ದಿನ ಅದೇ ಗೋಡೆಯ ಮುಂದೆ ನಿಂತು, "ಪಾಪ, ಅಷ್ಟು ಚಂದ ಬರೆದುಕೊಟ್ಟರೂ ಸೋತ" ಎಂದರು.

ಇದು ಉಳಿಯುತ್ತದೋ ಇಲ್ಲವೋ? ಒಂದೇ ಮಾತಿನಲ್ಲಿ ಬರೆ.

ಗಂಟೆಯಕ್ಕ


ಮಾರ್ಚ್ 1

ಅಕ್ಕನಿಗೆ ನಮಸ್ಕಾರ.

ತಡವಾಯಿತು. ಬೈಯಿರಿ, ತಪ್ಪಿಲ್ಲ.

ಗೋಡೆಯ ಕಥೆಯನ್ನು ನಿರ್ದೇಶಕರ ಮುಂದೆ ಮತ್ತೊಮ್ಮೆ ಹಾಕಿ ತೋರಿಸಿದೆ. ನಕ್ಕರು. ಚೆನ್ನಾಗಿದೆ ಎಂದರು. ಆದರೆ ಚಿತ್ರ ದೊಡ್ಡಣ್ಣನವರದು, ಒಂದು ಗಂಟೆ ಮೀರಬಾರದು ಎಂದು ಟಿವಿಯವರ ಕಟ್ಟಪ್ಪಣೆ. ಇನ್ನೂ ತೀರ್ಮಾನವಾಗಿಲ್ಲ. ಇದೂ ಕಡತದ ಭಾಷೆಯೇ, ಗೊತ್ತು.

ನಿಮಗೆ ಹೇಳಬೇಕಾದದ್ದು ಇನ್ನೊಂದಿದೆ. ಆ ಒಂದು ನಿಮಿಷದ ಬಗ್ಗೆ. ಹೇಗೆ ಬರೆಯುವುದೋ ತಿಳಿಯುತ್ತಿಲ್ಲ, ಮುಂದೆ ಬರೆಯುತ್ತೇನೆ.

ಆ ನಿಮಿಷದ ಧ್ವನಿ ನನ್ನ ಹತ್ತಿರ ಇದೆ. ಕೆಲಸ ಮುಗಿಸಿ ಎಲ್ಲರೂ ಹೋದ ಮೇಲೆ ಹೆಡ್‌ಫೋನು ಹಾಕಿಕೊಂಡು ಕೇಳುತ್ತೇನೆ. ಮೌನ ಎಂದರೆ ಏನೂ ಇಲ್ಲ ಅಂತಲ್ಲ ಅಕ್ಕ. ನಿಮ್ಮ ಫ್ರಿಜ್ಜು ಆಗಾಗ ಗಂಟಲು ಸರಿಮಾಡಿಕೊಳ್ಳುತ್ತದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ. ದೂರದಲ್ಲಿ ಲಿಫ್ಟಿನ ಬಾಗಿಲು ಮುಚ್ಚುತ್ತದೆ, ಯಾರೋ ಬರುತ್ತಾರೆ ಅನಿಸುತ್ತದೆ, ಬರುವುದಿಲ್ಲ. ನನ್ನ ಕೋಣೆ ಟೈರ್ ಅಂಗಡಿಯ ಮೇಲಿದೆ. ಅಂಗಡಿ ಮುಚ್ಚಿದ ಮೇಲೆ ಇಲ್ಲಿಯ ಮೌನವನ್ನೂ ಒಮ್ಮೆ ಹಿಡಿದು ನೋಡಿದೆ. ನಿಮ್ಮದೇ ವಾಸಿ.

ಇಂತಿ,
ಕಿವಿ


ಮಾರ್ಚ್ 7

ಕಿವಿಗೆ,

ನಲ್ಲಿ ರಿಪೇರಿ ಮಾಡಿಸಿದೆ. ಅದು ತೊಟ್ಟಿಕ್ಕುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಕೇಳಿಸುವುದಿಲ್ಲ, ಹೇಳುವವರು ಯಾರೂ ಇಲ್ಲ. ಎಷ್ಟು ಕಾಲದಿಂದ ತೊಟ್ಟಿಕ್ಕುತ್ತಿತ್ತೋ. ಪ್ಲಂಬರು, "ಅಮ್ಮಾ, ಇಷ್ಟು ದಿನ ಹೇಗೆ ಸಹಿಸಿದ್ರಿ?" ಎಂದ. "ರಾಜಕೀಯದಲ್ಲಿ ಇದ್ದವಳು, ಅಭ್ಯಾಸ" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ನೀನು ಹೇಳಲಾರದೆ ಬಿಟ್ಟದ್ದು ಏನೆಂದು ನನಗೆ ತಿಳಿಯಿತು. ಅರವತ್ತು ದಾಟಿ ಎಷ್ಟೋ ವರ್ಷವಾಯಿತು, ಅಷ್ಟೂ ಗೊತ್ತಾಗದೇ? ಕಥೆ ಹೋದರೂ ಆ ಒಂದು ನಿಮಿಷ ಚಿತ್ರದಲ್ಲಿ ಇರುತ್ತದೆ, ನಾವೆಲ್ಲ ಎದ್ದು ನಿಂತದ್ದನ್ನು ತೋರಿಸುತ್ತೀರಿ. ಮೊದಲೇ ಹೇಳಿದರೆ ನಿಮ್ಮ ನಿರ್ದೇಶಕರು ಬೈಯುತ್ತಾರೆ, ಅದಕ್ಕೆ ಬಾಯಿ ಕಟ್ಟಿಕೊಂಡಿದ್ದೀಯ. ಸರಿ, ನಾನೂ ಕೇಳುವುದಿಲ್ಲ.

ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮೇ ತಿಂಗಳಲ್ಲಿ ನಮ್ಮ ಲಾಂಡ್ರಿ ಯೂನಿಯನ್ನಿನ ಸಭಾಂಗಣದಲ್ಲಿ ಚಿತ್ರ ತೋರಿಸುತ್ತಾರಂತೆ, ಪಾರ್ಟಿ ಆಫೀಸಿನಿಂದ ಹೇಳಿ ಕಳಿಸಿದ್ದಾರೆ. ನಾನು ಕೆಳಗಿನ ಮನೆಯ ಹಲ್ಲಿನ ಡಾಕ್ಟರಿಗೆ ಹೇಳಿದೆ. ಅವರ ಹೆಂಡತಿಗೂ. ವಾಚ್‌ಮ್ಯಾನಿಗೂ. ಹಳೆ ಲಾಂಡ್ರಿಯವರು ಯಾರು ಉಳಿದಿದ್ದಾರೋ ಅವರಿಗೆಲ್ಲ ಹೇಳಿದೆ. "ನಮ್ಮನೆಯವರಿಗೆ ಮೌನ ಆಚರಿಸಿದ್ದಾರೆ, ಬಂದು ನೋಡಿ" ಎಂದೆ. ಮಗಳಿಗೂ ಬರೆದೆ. ಅವಳು ಬರುವುದಿಲ್ಲ, ಆ ಮಾತು ಬೇರೆ.

ನೀನೂ ಬಾ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ.

ಗಂಟೆಯಕ್ಕ


ಮಾರ್ಚ್ 12

ಅಕ್ಕಾ,

ನಿಮ್ಮ ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ. ಇನ್ನೂ ಮುಚ್ಚಿಟ್ಟರೆ ನಾನು ಮನುಷ್ಯನಲ್ಲ.

ಅದು ಶ್ರದ್ಧಾಂಜಲಿಯ ಮೌನ ಆಗಿರಲಿಲ್ಲ. ಅದು ನಮ್ಮ ಕೆಲಸದ ಒಂದು ಕ್ರಮ. ಯಾರ ಮನೆಯಲ್ಲಿ ಮಾತು ಹಿಡಿದರೂ ಕೊನೆಗೆ ಒಂದು ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸಿ ಆ ಕೋಣೆಯ ಮೌನವನ್ನು ಹಿಡಿಯುತ್ತೇವೆ. ಒಂದು ಕೋಣೆಯ ಮೌನ ಇನ್ನೊಂದರ ಹಾಗಿರುವುದಿಲ್ಲ. ಆಮೇಲೆ ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವೆ ಹಳ್ಳ ಬೀಳುತ್ತದೆ, ಆ ಹಳ್ಳಕ್ಕೆ ಇದನ್ನು ತುಂಬುತ್ತೇವೆ. ಗೋಡೆಯ ಬಿರುಕಿಗೆ ಗಾರೆ ಮೆತ್ತಿದ ಹಾಗೆ. ನಾನು "ಮೌನವಾಗಿರೋಣ" ಎಂದದ್ದು ಅದಕ್ಕೆ. ನೀವು ಎದ್ದಿರಿ. ನೀವು ನಿಂತಿರುವಾಗ ಕೂತಿರುವುದು ಸರಿಯಲ್ಲವೆಂದು ನಿರ್ದೇಶಕರು ಕೈಸನ್ನೆ ಮಾಡಿದರು, ನಾವೆಲ್ಲ ಎದ್ದೆವು. ಯಾತಕ್ಕೆ ಎಂದು ನನಗೂ ನಿಮ್ಮ ಮೊದಲ ಕಾಗದ ಬರುವವರೆಗೆ ತಿಳಿದಿರಲಿಲ್ಲ. ಆಗ ಕ್ಯಾಮೆರಾ ನಡೆಯುತ್ತಲೂ ಇರಲಿಲ್ಲ.

ಗೋಡೆಯ ಕಥೆಯನ್ನು ನಿನ್ನೆ ತೆಗೆದರು. ನಾನು ಹೇಳಿ ನೋಡಿದೆ. ನಾನು ಧ್ವನಿಯವನು, ನನ್ನ ಮಾತು ಅಷ್ಟು ದೂರ ಹೋಗುವುದಿಲ್ಲ.

ಇನ್ನೊಂದು ಸುಳ್ಳು. ನಮ್ಮ ಮನೆಯಲ್ಲಿ ಎಲ್ಲರೂ ಎಂದರೆ ನಾನೊಬ್ಬನೇ. ಹೆಂಡತಿ ನನ್ನನ್ನು ಬಿಟ್ಟು ಹೋಗಿ ಮೂರು ವರ್ಷವಾಯಿತು, ಮಗಳು ಅವಳ ಜೊತೆ ಇದ್ದಾಳೆ. ಕ್ಷೇಮ ಎಂದು ಬರೆಯುವುದು ಸುಲಭವಿತ್ತು.

ಕ್ಷಮಿಸಿ.

ಕಿವಿ


ಮಾರ್ಚ್ 17

ಮಾನ್ಯರೇ,

ತಮ್ಮ ಪತ್ರ ತಲುಪಿದೆ.

ನನ್ನ ಮನೆಯ ಮೌನವನ್ನು ಬೇರೆಯವರ ಹಳ್ಳಕ್ಕೆ ತುಂಬಲು ಒಯ್ದಿದ್ದೀರಿ ಎಂದು ತಿಳಿದು ಸಂತೋಷವಾಯಿತು. ಹಲ್ಲಿನ ಡಾಕ್ಟರಿಗೆ, ಅವರ ಹೆಂಡತಿಗೆ, ವಾಚ್‌ಮ್ಯಾನಿಗೆ ಈಗ ಏನು ಹೇಳಬೇಕೆಂದು ತಿಳಿಸಿದರೆ ಉಪಕಾರ. ನಾಲ್ಕು ಜನ ನನ್ನ ಮುಂದೆ ಕೋಡಂಗಿಗಳ ಹಾಗೆ ನಿಂತಿರಿ, ಒಬ್ಬರಿಗೂ ಬಾಯಿ ಬರಲಿಲ್ಲ.

ಇನ್ನು ಮುಂದೆ ಪತ್ರ ವ್ಯವಹಾರ ಬೇಡ.

ಮಾಜಿ ಸಚಿವೆ


ಏಪ್ರಿಲ್ 20

ಅಕ್ಕಾ,

ಬರೆಯಬೇಡ ಎಂದಿರಿ. ಒಂದು ತಿಂಗಳು ಬರೆಯಲಿಲ್ಲ. ಇದಕ್ಕೆ ಉತ್ತರ ಬೇಕಿಲ್ಲ.

ಚಿತ್ರ ಮುಗಿದಿದೆ. ನೀವು ಬರುವುದು ಅರ್ಧದ ಹತ್ತಿರ. ಗಿರಣಿ ಗೋಡೆಯ ಮಾತು ಶುರು ಮಾಡುತ್ತೀರಿ, ಬಲಗೈ ಎತ್ತಿ ಗಾಳಿಯಲ್ಲಿ ಬರೆದು ತೋರಿಸುತ್ತೀರಿ. ಅಲ್ಲಿಗೆ ಕತ್ತರಿಸಿದ್ದಾರೆ. ಆ ಕತ್ತರಿ ಕಾಣದಿರಲೆಂದು ನಿಮ್ಮ ಮನೆಯ ಕಿಟಕಿಯನ್ನು ತೋರಿಸುತ್ತಾರೆ, ಎದುರು ಕಟ್ಟಡದ ತಂತಿಯ ಮೇಲೆ ಒಂದು ಟವೆಲ್ ಒಣಗುತ್ತಿರುತ್ತದೆ. ಆಮೇಲೆ ಮತ್ತೆ ನೀವು, ಕೈ ಮಡಿಲಲ್ಲಿ, ದೊಡ್ಡಣ್ಣನವರ ಮಾತು. ನಿಮ್ಮವರು ಇದ್ದದ್ದು ಆ ಕಿಟಕಿಯ ಜಾಗದಲ್ಲಿ. ಅಲ್ಲಿ ನಾನು ಹಾಕಿರುವುದು ಅಂದಿನ ಮೌನ.

ಅದರಲ್ಲಿ ಒಂದು ತೊಡಕಿತ್ತು. ಅಂದು ಎದ್ದು ನಿಂತಾಗ ನೀವು ಮೆಲ್ಲಗೆ ಒಂದು ಮಾತು ಆಡಿದ್ದೀರಿ. ನಿಮಗೇ ಕೇಳಿಸಿರಲಿಕ್ಕಿಲ್ಲ. ನಿಮ್ಮವರಿಗೆ, "ನೋಡಿದ್ರಾ, ನಿಮಗೇ" ಎಂದಿದ್ದೀರಿ. ಅದನ್ನು ಕೇಳಿದವನಿಗೆ ಮೊದಲ ಕಾಗದದಲ್ಲೇ ನಿಜ ಬರೆಯಲು ಆಗಲಿಲ್ಲ. ಮೌನದಲ್ಲಿ ಮಾತು ಇರಬಾರದು, ಅಳಿಸು ಎಂದರು ನಿರ್ದೇಶಕರು. ಅಳಿಸಿದೆ ಎಂದು ಹೇಳಿದ್ದೇನೆ. ಅಳಿಸಿಲ್ಲ. ತುಂಬಾ ಸಣ್ಣಗೆ ಬಿಟ್ಟಿದ್ದೇನೆ.

ನಿಮಗೆ ಕೇಳಿಸುವುದಿಲ್ಲ. ಕಿಟಕಿ ಕಾಣಿಸುತ್ತದೆ.

ಕಿವಿ


ಮೇ 19

ತಮ್ಮಾ,

ನಿನ್ನೆ ಚಿತ್ರ ತೋರಿಸಿದರು.

ಹೋಗುವುದೇ ಬೇಡ ಎಂದಿದ್ದೆ. ಬೆಳಗ್ಗೆಯಿಂದ ಹಲ್ಲಿನ ಡಾಕ್ಟರ ಹೆಂಡತಿ ಹೊಸ ಸೀರೆ ಉಟ್ಟುಕೊಂಡು ಮೂರು ಸಲ ಬಂದು, "ಅಮ್ಮಾ, ಹೊರಟ್ರಾ?" ಎಂದಳು. ಅವಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಆಗ ನಿನ್ನ ಕಷ್ಟ ಸ್ವಲ್ಪ ಗೊತ್ತಾಯಿತು. ಸ್ವಲ್ಪ ಮಾತ್ರ.

ಸಭಾಂಗಣ ತುಂಬಿತ್ತು. ನನ್ನವರು ಎಂದು ಬಂದವರು ಒಂದು ಸಾಲು, ಉಳಿದವರೆಲ್ಲ ದೊಡ್ಡಣ್ಣನವರ ಕಡೆಯವರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನನಗೆ ಒಂದು ಮಾತೂ ಕೇಳಿಸುವುದಿಲ್ಲ, ತುಟಿ ಆಡುವುದು ನೋಡುತ್ತಾ ಕೂತೆ. ದೊಡ್ಡಣ್ಣ ಭಾಷಣ ಮಾಡುತ್ತಾರೆ, ಕೈ ಬೀಸುತ್ತಾರೆ, ರೈಲು ಹತ್ತುತ್ತಾರೆ, ಇಳಿಯುತ್ತಾರೆ. ನಾನು ಬಂದೆ. ಹೊಟ್ಟೆಗಿಲ್ಲದವಳ ಹಾಗೆ ಕಾಣುತ್ತೇನೆ, ಆ ದೀಪ ಹಾಕಿದವನಿಗೆ ಹೇಳು. ಬಲಗೈ ಎತ್ತಿದೆ. ಕಿಟಕಿ ಬಂತು. ಟವೆಲ್ ಬಂತು.

ನಾನು ಎದ್ದು ನಿಂತೆ.

ಏಳಬೇಕೆಂದು ಲೆಕ್ಕ ಹಾಕಿರಲಿಲ್ಲ. ಕಾಲು ಎದ್ದಿತು. ನನ್ನ ಪಕ್ಕದ ಶಾಸಕ ನನ್ನ ಮುಖ ನೋಡಿದ, ಏನೂ ಅರ್ಥವಾಗಲಿಲ್ಲ, ಆದರೆ ಮಾಜಿ ಸಚಿವೆ ನಿಂತ ಮೇಲೆ ಕೂತಿರುವುದು ಹೇಗೆ, ಅವನೂ ಎದ್ದ. ಅವನು ಎದ್ದದ್ದು ನೋಡಿ ಅವನ ಹಿಂಬಾಲಕರು ಎದ್ದರು. ನಮ್ಮ ಸಾಲಿನವರಿಗೆ ನಾನು ಮೊದಲೇ ಹೇಳಿದ್ದೆನಲ್ಲ, ಅವರು ತಲೆ ತಗ್ಗಿಸಿಯೇ ಎದ್ದರು. ಸಾಲು ಸಾಲಾಗಿ ಇಡೀ ಸಭಾಂಗಣ ಎದ್ದಿತು. ಹಲ್ಲಿನ ಡಾಕ್ಟರು ಸಿನಿಮಾ ಮುಗಿಯಿತು ಎಂದುಕೊಂಡು ಟೋಪಿ ಹಾಕಿಕೊಂಡರು, ಹೆಂಡತಿ ಕಿತ್ತುಕೊಂಡಳು.

ಕಿಟಕಿ ಎಷ್ಟು ಹೊತ್ತು ಇರುತ್ತದೆ, ಆಗಲೇ ಹೋಗಿತ್ತು. ಸಿನಿಮಾ ಹಾಕುವವನು ಏನೋ ಅನಾಹುತವಾಯಿತು ಎಂದು ಯಂತ್ರ ನಿಲ್ಲಿಸಿಬಿಟ್ಟ. ಪರದೆಯ ಮೇಲೆ ದೊಡ್ಡಣ್ಣ ಭಾಷಣಕ್ಕೆ ಬಾಯಿ ತೆರೆದುಕೊಂಡು ಹಾಗೇ ನಿಂತರು. ಬಾಯಿ ಇತ್ತು, ಮಾತಿರಲಿಲ್ಲ. ಆ ಮನುಷ್ಯ ಬದುಕಿದ್ದಾಗ ಯಾರಿಗಾಗಿಯೂ ಭಾಷಣ ನಿಲ್ಲಿಸಿದವರಲ್ಲ. ಬೋರ್ಡು ಬರೆಯುವವನಿಗೆ ನಿಲ್ಲಿಸಿದರು.

ನಾನು ಕೂತ ಮೇಲೆ ಎಲ್ಲರೂ ಕೂತರು. ಆಮೇಲೆ ಶಾಸಕ ನನ್ನ ಕಿವಿಗೆ ಬಾಯಿಟ್ಟು, "ಅಕ್ಕಾ, ಯಾರಿಗೆ ನಿಂತದ್ದು?" ಎಂದು ಕೂಗಿದ. "ನಿನ್ನ ಹೆಸರನ್ನು ಗೋಡೆ ಮೇಲೆ ಬರೆಯೋರು ಇದಾರಲ್ಲ, ಅವರ ಕಡೆಯವರಿಗೆ" ಎಂದೆ. ಹೌದೌದು ಎಂದು ತಲೆಯಾಡಿಸಿದ.

ಮೆಟ್ಟಿಲು ಇಳಿಯುವಾಗ ಡಾಕ್ಟರ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು. "ಅಮ್ಮಾ, ಕಿಟಕಿ ತೋರಿಸಿದಾಗ ಯಾರೋ ಏನೋ ಅಂದ ಹಾಗಾಯ್ತು, ನೀವೇ ಏನೋ ಅಂದದ್ದು" ಎಂದಳು. ಹೂಂ ಎಂದೆ. ಏನೆಂದದ್ದು ಎಂದು ಅವಳು ಕೇಳಲಿಲ್ಲ, ಒಳ್ಳೆಯದಾಯಿತು.

ಮನೆಗೆ ಬಂದೆ. ಬೀಗ ತೆಗೆದೆ. ಅಷ್ಟು ಜನ ಎದ್ದು ನಿಂತು ಬಂದ ಮೇಲೂ ಒಳಗೆ ಅದೇ ಕುರ್ಚಿಗಳು, ಗೋಡೆಗೆ ಬೆನ್ನು ಕೊಟ್ಟುಕೊಂಡು.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಟೈರ್ ಅಂಗಡಿಯ ಮೇಲೆ ಕೂತು ನನ್ನ ಫ್ರಿಜ್ಜಿನ ಸದ್ದು ಕೇಳುವವನ ಮೇಲೆ ಎಷ್ಟೆಂದು ಸಿಟ್ಟು ಮಾಡುವುದು. ರಜೆ ಸಿಕ್ಕಾಗ ಬಾ. ಯಂತ್ರ ತರಬೇಡ, ಅಥವಾ ತಂದರೆ ತಾ, ನಲ್ಲಿ ರಿಪೇರಿಯಾದ ಮೇಲೆ ಮನೆ ಹೇಗೆ ಕೇಳುತ್ತದೆ ಎಂದು ಹಿಡಿದು ನೋಡು. ದೊಡ್ಡಣ್ಣನ ಬಗ್ಗೆ ಕೇಳಬೇಡ. ನನ್ನ ಬಗ್ಗೆಯೂ ಕೇಳಬೇಡ. ಒಂದು ನಿಮಿಷ ಸುಮ್ಮನೆ ಕೂರೋಣ. ಈ ಸಲ ನಾನು ಏಳುವುದಿಲ್ಲ.

ಕುರ್ಚಿಗಳನ್ನು ಎದುರುಬದುರು ಹಾಕಿಟ್ಟಿದ್ದೇನೆ.

ಅಕ್ಕ